ಆಲಿವ್ ಹೆಕ್ಕಿಡುತ್ತಿದ್ದ ಹುಡುಗಿಗೆ ಎಡೆ

ಲಾಕ್‌ಡೌನ್ ಮುಗಿದು ಹೋಟೆಲುಗಳು ಮತ್ತೆ ಉಸಿರಾಡತೊಡಗಿದ ಕಾಲದಲ್ಲಿ ನಾನು ಠಾಣೆ ನಗರದ ಒಂದು ಇಟಾಲಿಯನ್-ಅಮೆರಿಕನ್ ರೆಸ್ಟೋರೆಂಟಿನ ಮ್ಯಾನೇಜರ್. ಉಡುಪಿ ಕಡೆಯವನು, ಇಡ್ಲಿ ಸಾಂಬಾರಿನಿಂದ ಪಾಸ್ತಾದವರೆಗೆ ಬಂದು ಮುಟ್ಟಿದ್ದೆ. ನಮ್ಮದು ಫ್ಯಾಮಿಲಿ ಸ್ಟೈಲ್. ಅಂದರೆ ಮೇಜಿನ ನಡುವೆ ಒಂದೇ ದೊಡ್ಡ ಪ್ಲ್ಯಾಟರ್, ಮನೆಯವರೆಲ್ಲ ಅದರಿಂದಲೇ ಬಡಿಸಿಕೊಳ್ಳಬೇಕು. ಇದನ್ನು ಅಮೆರಿಕದ ಪದ್ಧತಿ ಎಂದು ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಾಗ ನನಗೆ ನಗು ತಡೆಯಲಾಗಿರಲಿಲ್ಲ.

ವರ್ತಕ ನಗರದ ವಾರಿಜಕ್ಕ ಮತ್ತು ಅವರ ಒಬ್ಬಳೇ ಮಗಳು ಶ್ರಾವ್ಯಾ ನಮ್ಮ ಖಾಯಂ ಗಿರಾಕಿಗಳು. ಮಗಳು ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಆಲಿವ್ ಕಂಡರೆ ಅವಳಿಗಾಗದು, ತಾಯಿಗೆ ಪ್ರಾಣ. ಪಾಸ್ತಾದಿಂದ ಒಂದೊಂದನ್ನೇ ಹೆಕ್ಕಿ ತಾಯಿಯ ತಟ್ಟೆಗೆ ಹಾಕಿದ ಮೇಲೆಯೇ ಅವಳ ಊಟ.

ಡೆಂಗ್ಯೂ ಬಂದು ಆ ಹುಡುಗಿ ತೀರಿಕೊಂಡಳು. ಮರುವರ್ಷ ಒಂದು ಭಾನುವಾರ ಮಧ್ಯಾಹ್ನ ವಾರಿಜಕ್ಕ ಬಂದರು. "ಓನ್ಲಿ ವನ್, ಮ್ಯಾಡಂ?" ಎಂದು ಬಾಗಿಲಲ್ಲಿ ಗಿರಾಕಿಗಳನ್ನು ಸ್ವಾಗತಿಸುವ ನಮ್ಮ ಕೆಲಸದ ಹುಡುಗಿ ಕೇಳಿದಳು. ವಾರಿಜಕ್ಕನ ಮುಖ ಬಾಡಿತು.

ನನ್ನನ್ನು ಪಕ್ಕಕ್ಕೆ ಕರೆದರು. "ಮನೆಯಲ್ಲಿ ಎಡೆ ಇಟ್ಟೆ ಮಾರಾಯ್ರೆ. ಕೋಳಿ, ನೀರುದೋಸೆ ಎಲ್ಲ ಮಾಡಿದ್ದೆ. ಅವಳು ಮುಟ್ಟಲಿಲ್ಲ ಅಂತ ಕಾಣ್ತದೆ. ಕನಸಲ್ಲಿ ಬಂದು ಹಸಿವು ಅಂತಾಳೆ. ಇಲ್ಲಿ ಒಮ್ಮೆ ಬಡಿಸ್ಲಿಕ್ಕೆ ಆಗ್ತದಾ?"

ತೀರಿಕೊಂಡವರಿಗೆ ಇಷ್ಟವಾದದ್ದನ್ನು ಬಡಿಸಿಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಕಡೆಯ ಪದ್ಧತಿ. ಒಳಗೆ ಅವರು ಬಂದು ಉಣ್ಣುತ್ತಾರೆಂಬ ನಂಬಿಕೆ. ಪಾರ್ಟಿಗಳಿಗೆಂದಿದ್ದ ನಮ್ಮ ಒಳಕೋಣೆಯನ್ನು ಅದಕ್ಕೆ ಬಿಟ್ಟುಕೊಡಲು ಹೇಳಿದೆ.

"ಸಾಬ್, ಸಂಡೇ ಕೋ ಪಾರ್ಟಿ ರೂಮ್ ಖಾಲಿ ರಖೇಂಗೆ?" ಎಂದು, ಭಾನುವಾರದ ವ್ಯಾಪಾರ ಕೆಡುತ್ತದೆಂದು, ಮಾಣಿಗಳ ಮೇಲಿನ ಕ್ಯಾಪ್ಟನ್ ಮುಖ ಸಿಂಡರಿಸಿದ. ರಖೇಂಗೆ, ಖಾಲಿಯೇ ಇರಲಿ, ಎಂದೆ.

ಶ್ರಾವ್ಯಾಳ ಮಾಮೂಲಿ ಪಾಸ್ತಾವನ್ನು ನಾನೇ ಬಡಿಸಿ ಬಾಗಿಲೆಳೆದೆ. ಹೊರಗೆ ನಿಂತಾಗ ನನಗೆ ಥಟ್ಟನೆ ಹೊಳೆಯಿತು.

"ಅಕ್ಕ, ನಿಮ್ಮ ತಟ್ಟೆ ಇಡಲಿಲ್ಲ. ಅವಳು ಆಲಿವ್ ಎಲ್ಲಿ ಹಾಕ್ತಾಳೆ?"

ಅವರು ಬೆಚ್ಚಿದರು. "ಎಡೆಯ ಹತ್ತಿರ ಬದುಕಿರುವವರ ತಟ್ಟೆ ಇಡ್ಲಿಕ್ಕಿಲ್ಲ ಅಲ್ವಾ? ಅಪಶಕುನ." ಮುಚ್ಚಿದ ಬಾಗಿಲಿನತ್ತ ತಿರುಗಿದರು. ಆಮೇಲೆ, "ಇಡಿ. ನನಗೇನಾದ್ರೂ ಆಗ್ಲಿ, ಅವಳು ಉಣ್ಲಿ" ಎಂದರು.

ಅವರ ತಟ್ಟೆಯನ್ನು ಮಗಳ ತಟ್ಟೆಯ ಪಕ್ಕದಲ್ಲಿಟ್ಟೆ. ಮತ್ತೆ ಬಾಗಿಲು ಮುಚ್ಚಿದೆವು. ಕೊಂಚ ಹೊತ್ತಿಗೆ ಒಳಗೆ ಕುರ್ಚಿ ಎಳೆದ ಸದ್ದಾಯಿತು. ಇಬ್ಬರಿಗೂ ಕೇಳಿಸಿತು. ಆ ಕೋಣೆಗೆ ಬೇರೆ ಬಾಗಿಲಿಲ್ಲ. ಅಡಿಗೆಮನೆಯ ಸದ್ದಿರಬೇಕು ಎಂದು ಆಮೇಲೆ ಕ್ಯಾಪ್ಟನ್ ಹೇಳಿದ. ಅಡಿಗೆಮನೆ ಇದ್ದದ್ದು ಆಚೆ ಕೊನೆಯಲ್ಲಿ.

ಬಾಗಿಲು ತೆರೆದಾಗ ಪಾಸ್ತಾ ಇಟ್ಟ ಹಾಗೆಯೇ ಇತ್ತು. ವಾರಿಜಕ್ಕ ಮಗಳ ತಟ್ಟೆಯ ಆಲಿವ್‌ಗಳನ್ನು ಒಂದೊಂದಾಗಿ ಹೆಕ್ಕಿ, ತಮ್ಮ ತಟ್ಟೆಗೆ ಹಾಕಿಕೊಂಡು, ಅಳುತ್ತಲೇ ತಿಂದರು. "ಇನ್ನು ಉಣ್ಣು ಮಗಾ" ಎಂದರು.

ಆಮೇಲೆ ಅವಳು ಕನಸಿಗೆ ಬರಲಿಲ್ಲವಂತೆ. ನಾನೀಗ ನಿವೃತ್ತ. ಊಟಕ್ಕೆ ಕೂತಾಗ ಪಕ್ಕದಲ್ಲಿ ಕುರ್ಚಿ ಸದ್ದಾದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ. ಒಬ್ಬರೇ ಬಂದವರನ್ನು "ಒಬ್ಬರೇನಾ?" ಎಂದು ಕೇಳಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಅಷ್ಟು.