ಚಾದರದ ಹಿಂದಿನ ಕಿಟಕಿ

—ಅಥವಾ ಆ ಚಾದರವನ್ನು ಒಣಹಾಕಿದ್ದು ನನ್ನ ಗಂಡನೋ? ನನ್ನ ನೆನಪಿನಲ್ಲಿ ಅದನ್ನು ಹಗ್ಗದ ಮೇಲೆ ಎಳೆಯುವ ಕೈಗಳಿಗೆ ಬಳೆಗಳಿವೆ. ಆ ಬಳೆಗಳನ್ನು ನಾನು ಆಮೇಲೆ ತೊಡಿಸಿರಲೂಬಹುದು. ಇರಲಿ. ಅನುಮಾನವಿಲ್ಲದ್ದು ಇಷ್ಟು: ಪಕ್ಕದ ಮನೆಯ ಮಲ್ಲಮ್ಮಕ್ಕನನ್ನು ನಾನು ಕಮಲಾಪುರಕ್ಕೆ ಕರೆದುಕೊಂಡು ಹೋದದ್ದು ಆಕೆಗೆ ತವರು ತೋರಿಸಲು ಅಲ್ಲ. ನಮ್ಮ ಕಟ್ಟಡದ ಜಾಗ ನೋಡಲು ಪಾಲಿಕೆಯ ಅಧಿಕಾರಿ ಬರುವ ಹೊತ್ತಿಗೆ ಆಕೆ ಮನೆಯಲ್ಲಿ ಇರಬಾರದಿತ್ತು, ಅದಕ್ಕೆ.

ಕಲಬುರಗಿಯ ನಮ್ಮ ಮನೆಗೆ ಒಂದು ಖೋಲಿ ಸೇರಿಸಲು ಪರವಾನಗಿ ಸಿಕ್ಕಾಗಿತ್ತು. ಬಿದ್ದು ಸೊಂಟ ಮುರಿದುಕೊಂಡಿದ್ದ ಅತ್ತೆಗಾಗಿ. ಆ ನಕ್ಷೆಯಲ್ಲಿ ಖೋಲಿಗೂ ಮಲ್ಲಮ್ಮಕ್ಕನ ಗೋಡೆಗೂ ನಡುವೆ ಒಬ್ಬರು ನಡೆದುಹೋಗುವಷ್ಟು ಸಂದಿ ಇತ್ತು. ಬುನಾದಿ ಅಗೆದಾಗ ಖೋಲಿ ಸಣ್ಣದೆನಿಸಿತು. ಅಗೆದ ಜಾಗ ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ ಎಂದು ಗೌಂಡಿ ಹೇಳಿದ, ನಾವು ಕೇಳಲಿಲ್ಲ. ಒಳಗೇ ಬಚ್ಚಲು ಬೇಕು, ಸಂದಿಯನ್ನೂ ಸೇರಿಸಿಕೊಳ್ಳೋಣ ಎಂದೆವು. ಅತ್ತೆಗಾಗಿ ಎಂದು ಬರೆದೆನಲ್ಲ— ನಿಜ. ನನ್ನ ಮನಸ್ಸಿನಲ್ಲಿ ಒಂದು ದೊಡ್ಡ ಕಪಾಟಿನ ಜಾಗವೂ ಇತ್ತು, ಅದೂ ನಿಜ.

ನಕ್ಷೆ ಬರೆಯುವವನು ಬಂದು ಸಂದಿಯಲ್ಲಿ ನಿಂತ. “ಆ ಕಡಿ ಖಾಲಿ ಗ್ವಾಡಿ ಇದ್ರ ದೊಡ್ಡದ ಮಾಡ್ಲಿಕ್ಕ ಬಿಡ್ತಾರ್ರಿ. ಬಾಜೂದವ್ರ ಕಿಡಕಿ ಅದ, ಅವ್ರದು ತಕರಾರು ಅದ ಅಂದ್ರ ಮುಗೀತು.”

ಕಿಟಕಿ ಇತ್ತು. ಮಲ್ಲಮ್ಮಕ್ಕನ ಅಡುಗೆಮನೆಗೆ ಇದ್ದದ್ದು ಅದೊಂದೇ. ಆಕೆ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಕಟ್ಟಿಗೆ ಒಲೆಯ ಹೊಗೆ, ಧಗೆ ಎಲ್ಲ ಹೊರಗೆ ಹೋಗುತ್ತಿದ್ದುದು ಅದರಿಂದಲೇ. ಅದರೊಳಗಿಂದಲೇ ಎಷ್ಟೋ ಮುಂಜಾನೆ ನನ್ನ ಕೈಗೆ ಬಿಸಿ ರೊಟ್ಟಿ ಬಂದಿದೆ, ಮೇಲೆ ಒಂದಿಷ್ಟು ಪುಂಡಿಪಲ್ಯ. ಹೊಸ ನಕ್ಷೆಯಲ್ಲಿ ಆ ಗೋಡೆ ಖಾಲಿಯಾಗಿತ್ತು.

ತವರಿಗೆ ಹೋಗಬೇಕು, ಮೊಣಕಾಲು ನೋವಿಗೆ ಒಬ್ಬಳೇ ಬಸ್ಸು ಹತ್ತಲಾಗುವುದಿಲ್ಲ ಎಂದು ಆಕೆ ಬಹಳ ದಿನದಿಂದ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಅಧಿಕಾರಿ ಬರುವ ದಿನ ಗೊತ್ತಾದಾಗ, ನಡೀ ಅಕ್ಕಾ, ನಾ ಕರ್ಕೊಂಡು ಹೋಗ್ತೀನಿ ಎಂದೆ. ಆಕೆ ಒಲೆ ಆರಿಸಿದಳು. ಕಿಟಕಿಯನ್ನು ತಾನೇ ಮುಚ್ಚಿದಳು.

ಕಮಲಾಪುರದಲ್ಲಿ ಆಕೆಯ ಅಣ್ಣ ಕೆಂಪು ಬಾಳೆಹಣ್ಣಿನ ಚಿಪ್ಪು ನನ್ನ ಮುಂದಿಟ್ಟು ತಂಗಿಯನ್ನು ಕಾಡಿದ. “ರೊಟ್ಟಿ ಬಡಿಯೂದು ಬಿಟ್ಟು ಬಂದೀಯಲ್ಲ, ಇವತ್ತು ಕಲಬುರಗಿ ಮಂದಿ ಉಪಾಸ ಏನು?”

“ಈಕಿ ಎಳ್ಕೊಂಡು ಬಂದಾಳಣ್ಣಾ,” ಎಂದಳು ಆಕೆ. “ಬೆನ್ನಿಗೆ ಬಿದ್ದ ತಂಗಿ ಇದ್ರೂ ಇಷ್ಟು ಮಾಡ್ತಿದ್ದಿಲ್ಲ.”

ಬಾಯಲ್ಲಿ ಬಾಳೆಹಣ್ಣಿತ್ತು. ಅದು ಸಿಹಿಯಾಗಿಯೇ ಇತ್ತು— ಪಶ್ಚಾತ್ತಾಪದಿಂದ ಕಹಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಗಂಡನ ಫೋನು ಬಂತು. ಅಧಿಕಾರಿ ಬಂದು ಹೋದರಂತೆ. ಬೀಗ ಹಾಕಿದ ಬಾಗಿಲು ನೋಡಿ ಪಕ್ಕದವರ ಬಗ್ಗೆ ಕೇಳಿದರಂತೆ. ಅವರದೇನೂ ತಕರಾರಿಲ್ರೀ ಎಂದು ಇವರು ಹೇಳಿದರಂತೆ. ಸಂದಿಯಲ್ಲಿ ಆಕೆಯ ಗೋಡೆಗೆ ಅಡ್ಡವಾಗಿ ಒಣಹಾಕಿದ್ದ ಒದ್ದೆ ಚಾದರದ ಹಿಂದೆ ಏನಿದೆ ಎಂದು ಯಾರೂ ನೋಡಲಿಲ್ಲ.

ಇಲ್ಲಿಂದ ನೆನಪು ಎರಡಾಗುತ್ತದೆ. ಮರಳುವ ಬಸ್ಸಿನಲ್ಲಿ ಆಕೆ ನನ್ನ ಕೈ ಹಿಡಿದುಕೊಂಡು ಕೇಳಿದಳು: “ನಿಮ್ಮ ಖೋಲಿ ದೊಡ್ಡದಾಗ್ತದಂತ. ನನ್ನ ಕಿಡಕಿಗೆ ಏನೂ ಆಗಂಗಿಲ್ಲಲ್ಲ ತಂಗಿ?” ಒಂದು ನೆನಪಿನಲ್ಲಿ ನಾನು “ಇಲ್ಲಕ್ಕಾ” ಎನ್ನುತ್ತೇನೆ. ಇನ್ನೊಂದರಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದೇನೆ. ಕೆಲವು ದಿನ, ಆಕೆ ಕೇಳಲೇ ಇಲ್ಲ, ಆ ಪ್ರಶ್ನೆಯನ್ನು ಆಕೆಯ ಬಾಯಲ್ಲಿ ಇಟ್ಟವಳೂ ನಾನೇ ಎನಿಸುತ್ತದೆ.

ಗೋಡೆ ಎದ್ದ ಮುಂಜಾನೆ ಆಕೆ ಕಿಟಕಿ ತೆರೆದಳು. ಎದುರಿಗೆ ಗೌಂಡಿಯ ಕರಣಿ. ಇಟ್ಟಿಗೆಗಳ ಮೇಲಿಂದ ನನ್ನನ್ನು ಕಂಡಳು. “ನಿಮ್ಮತ್ತಿಗಿ ಅನುಕೂಲ ಆಯ್ತಲ್ಲ,” ಎಂದಳು. ಕದ ಮುಚ್ಚಿದಳು. ಆ ಮಾತಿನಲ್ಲಿ ಕೊಂಕಿತ್ತೋ, ಒಳ್ಳೆಯ ಮನಸ್ಸಿತ್ತೋ— ಅಂದಿನಿಂದ ತಿರುವಿ ತಿರುವಿ ಹಾಕಿ ನೋಡಿದ್ದೇನೆ.

ಅತ್ತೆ ಆ ಖೋಲಿಯಲ್ಲಿ ಸುಖವಾಗಿದ್ದಾರೆ. ಕಪಾಟೂ ಬಂದಿದೆ. ಮಲ್ಲಮ್ಮಕ್ಕ ಒಲೆಯನ್ನು ಮನೆ ಮುಂದಿನ ತಗಡಿನ ಕೆಳಗೆ ಹಾಕಿಕೊಂಡಿದ್ದಾಳೆ. ಬೇಸಿಗೆಯಲ್ಲಿ ಮೇಲೆ ಕಾದ ತಗಡು, ಕೆಳಗೆ ಬೆಂಕಿ. ಮೊದಲಿನಷ್ಟು ರೊಟ್ಟಿ ಮಾಡಲಾಗುವುದಿಲ್ಲ, ಅರ್ಧದಷ್ಟು ಗಿರಾಕಿಗಳನ್ನು ಬಿಟ್ಟಿದ್ದಾಳೆ. ನನಗೆ ಕೊಡುವುದನ್ನು ಬಿಟ್ಟಿಲ್ಲ. ಬೀದಿ ಸುತ್ತಿ, ಗೇಟು ದಾಟಿ ಬರುವಷ್ಟರಲ್ಲಿ ರೊಟ್ಟಿ ಆರಿರುತ್ತದೆ.

ಈ ಸಲ ಆಕೆ ಗೇಟಿಗೆ ಬರುವ ಮೊದಲೇ ನಾನು ಆ ತಗಡಿನ ಕೆಳಗೆ ಹೋಗಿ ಕೂತು ಎಲ್ಲ ಹೇಳಬೇಕು. ಚಾದರದ್ದೂ. ಆಕೆ ಏನನ್ನುತ್ತಾಳೋ ಗೊತ್ತಿಲ್ಲ. ಕಮಲಾಪುರದಿಂದ ಬರುವಾಗ ನನ್ನ ಕೈ ಹಿಡಿದುಕೊಂಡಿದ್ದಳಲ್ಲ— ಆಗಲೇ ಆಕೆಗೆ ಎಷ್ಟು ಗೊತ್ತಿತ್ತು, ಅದೂ ನನಗೆ ಗೊತ್ತಿಲ್ಲ.