ರಟ್ಟಿನ ಎರಡು ಗಡ್ಡೆಗಳು

ಕಾಲ ಎಲ್ಲವನ್ನೂ ಅಳಿಸಿಹಾಕುತ್ತದೆ ಎಂಬುದು ಬಲ್ಲವರೆಲ್ಲ ಒಪ್ಪಿದ ಮಾತು. ಮೈದಾ ಅಂಟಿನ ವಾಸನೆಯನ್ನು ಮಾತ್ರ ಅಳಿಸುವುದಿಲ್ಲ. ಕಳೆದ ವಾರ ವಿಜಯಪುರದ ನಮ್ಮ ಮನೆಯ ಕಾಂಪೌಂಡಿಗೆ ಯಾರೋ ಪೋಸ್ಟರ್ ಹಚ್ಚಿ ಹೋದರು. ಹುಳ ಹತ್ತದಂತೆ ಮೈಲುತುತ್ತ ಬೆರೆಸಿ ಕುದಿಸಿದ ಆ ಅಂಟಿನ ವಾಸನೆಗೆ ಗಣಿತದ ಮಾಸ್ತರರು ನೆನಪಾದರು...

ಎಪ್ಪತ್ತರ ದಶಕದ ಕೊನೆ. ತಿಕೋಟಾದ ಶಾಲೆಯಲ್ಲಿ ಅವರು ಗಣಿತ, ನಾನು ಚಿತ್ರಕಲೆ. ಪುಣೆಯ ಪ್ರಾಧ್ಯಾಪಕರೊಬ್ಬರು ಅವರಿಗೆ ಟಪಾಲಿನಲ್ಲಿ ಎರಡು ಪ್ರೋಟೀನುಗಳ ಅಳತೆಗಳನ್ನು ಕಳಿಸಿದ್ದರು. ಒಂದು, ನಾವು ಉಂಡದ್ದನ್ನು ಅರಗಿಸುವುದು; ಇನ್ನೊಂದು, ಕಾಳಿನೊಳಗಿದ್ದು ಮೊದಲನೆಯದರ ಬಾಯಿ ಮುಚ್ಚಿಸುವುದು. ಇವೆರಡೂ ಒಂದನ್ನೊಂದು ಎಲ್ಲಿ ಹಿಡಿದುಕೊಳ್ಳುತ್ತವೆ ಎಂದು ಬರೀ ರೇಖಾಗಣಿತದಿಂದ ಯುಗಾದಿಯೊಳಗೆ ತೋರಿಸಿದರೆ, ಪುಣೆಯಲ್ಲಿ ಸಂಶೋಧನೆಯ ಒಂದು ಸ್ಥಾನ ಅವರದು. ನಲವತ್ತು ದಾಟಿದ ಮನುಷ್ಯ. ಇನ್ನೊಂದು ಅವಕಾಶ ಬರುವ ಹಾಗಿರಲಿಲ್ಲ.

ವಿಧಾನ ಬಹಳ ಸರಳ ಎಂದು ಅವರು ಹೇಳುತ್ತಿದ್ದರು. ಒಂದರ ಮೈಮೇಲಿನ ಮೂರು ಉಬ್ಬುಗಳನ್ನು ಗೆರೆಯಿಂದ ಸೇರಿಸಿದರೆ ತ್ರಿಕೋನ. ಅದೇ ಅಳತೆಯ ತ್ರಿಕೋನ ಇನ್ನೊಂದರ ಮೂರು ತಗ್ಗುಗಳಲ್ಲಿ ಸಿಕ್ಕರೆ ಸಂಬಂಧ ಕುದುರಿದಂತೆ. ಲಾಗ್ ಟೇಬಲ್ ಹಿಡಿದು ವರ್ಷವಿಡೀ ಹುಡುಕಿದರು. ಸಿಕ್ಕಿತು.

“ಕಾಗದ ಹೌದಂತೈತ್ರಿ, ಡ್ರಾಯಿಂಗ್ ಮಾಸ್ತರ. ಇನ್ನ ಕೈಯಾಗ ಹಿಡದು ನೋಡೂಣು,” ಎಂದರು.

ಪ್ರತಿ ಪ್ರೋಟೀನನ್ನೂ ಅವರು ಕಾಗದದ ಮೇಲೆ ಸೌತೆಕಾಯಿಯಂತೆ ಬಿಲ್ಲೆಬಿಲ್ಲೆಯಾಗಿ ಹೋಳು ಮಾಡಿ ನಂಬರು ಹಾಕಿದ್ದರು. ಆ ಆಕಾರಗಳಿಗೆ ರಟ್ಟು ಕತ್ತರಿಸಿ, ಅದೇ ಮೈದಾ ಅಂಟು ಹಚ್ಚಿ, ಒಂದರ ಮೇಲೊಂದು ಪೇರಿಸಬೇಕು. ಒಂದನ್ನು ಅವರು ಪೇರಿಸಿದರು, ಇನ್ನೊಂದನ್ನು ನಾನು. ಗೆಣಸಿನಂಥ ಎರಡು ಗಡ್ಡೆಗಳಾದವು.

ಕೂಡಲಿಲ್ಲ. ತಿರುಗಿಸಿದೆವು, ಬೋರಲು ಹಾಕಿದೆವು. ಮೂರು ಉಬ್ಬು ಮೂರು ತಗ್ಗಿಗೆ ಕೂತರೆ ಉಳಿದ ಮೈಯೆಲ್ಲ ಗುದ್ದಾಡುತ್ತಿತ್ತು.

“ಕುಂಡ್ಲಿ ಕೂಡಿದ್ರೂ ಗಂಡ ಹೆಂಡ್ತಿ ಮಾರಿ ತಿರುವಿ ಕುಂತಾರ ನೋಡ್ರಿ,” ಎಂದು ನಾನು ನಕ್ಕೆ.

ಅವರು ನಗಲಿಲ್ಲ. “ನನ್ನ ಲೆಕ್ಕಾನ ತಪ್ಪೈತಿ,” ಎಂದರು. ಡ್ರಾಯಿಂಗ್ ಮಾಸ್ತರನ ಕೈ ತಪ್ಪೀತೆಂದು ಅವರಿಗೆ ತೋಚಲೇ ಇಲ್ಲ. ತಮ್ಮಿಂದಾಗಲಿಲ್ಲ ಎಂದು ಪುಣೆಗೆ ಕಾಗದ ಬರೆದು ಹಾಕಿದರು. ಜೂನ್‌ನಲ್ಲಿ ಅವರಿಗೆ ಬಬಲೇಶ್ವರಕ್ಕೆ ವರ್ಗವಾಯಿತು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹೆಂಡತಿ, “ತಳದಾಗಿನ ರೊಟ್ಟಿ ಮೊದಲ ಬಡದದ್ದು, ಆರೇತಿ. ಮ್ಯಾಲಿಂದು ತಗೋರಿ,” ಎಂದಳು. ಕೈ ರೊಟ್ಟಿಯ ಬುಟ್ಟಿಯಲ್ಲೇ ನಿಂತಿತು. ಮಾಸ್ತರರ ಒಂದನೇ ನಂಬರು ಎಲ್ಲಕ್ಕಿಂತ ಮೇಲಿನ ಬಿಲ್ಲೆ. ನಾನು ರೊಟ್ಟಿಯ ರೂಢಿಯಂತೆ ಅದನ್ನು ತಳಕ್ಕೆ ಹಾಕಿದ್ದೆ. ಬಿಲ್ಲೆಗಳ ಮುಖ ಹಾಗೇ ಉಳಿದು ಕ್ರಮ ಮಾತ್ರ ತಲೆಕೆಳಗಾದ್ದರಿಂದ, ನನ್ನ ಗಡ್ಡೆ ಕನ್ನಡಿಯೊಳಗಿನ ಬಿಂಬದಂತೆ ಎಡಬಲ ಅದಲುಬದಲಾಗಿತ್ತು. ತ್ರಿಕೋನದ ಅಳತೆ ಕನ್ನಡಿಯಲ್ಲೂ ಬದಲಾಗುವುದಿಲ್ಲ. ಬಲಗಾಲಿನ ಚಪ್ಪಲಿ ಮಾತ್ರ ಎಡಗಾಲಿಗೆ ಕೂಡುವುದಿಲ್ಲ.

ಬಬಲೇಶ್ವರದ ಬಸ್ಸು ಹಿಡಿದು ಹೋಗಿ ಹೇಳಿದೆ. ಅವರು ಕೇಳಿದ್ದು ಒಂದೇ.

“ಅಂದ್ರ ಲೆಕ್ಕ ಬರೊಬ್ಬರಿ ಇತ್ತು?”

“ಇತ್ರಿ.”

“ಆತು. ಚಾ ಕುಡೀರಿ.”

ಗಡ್ಡೆಗಳೆಲ್ಲಿ ಎಂದು ಕೇಳಿದೆ. “ನೀರ ಕಾಸಾಕ ಒಲಿಗೆ ಹೋದೂವ್ರಿ,” ಎಂದರು.

ಚಾ ಕುಡಿದೆ. ಅದಕ್ಕೆ ಸಕ್ಕರೆ ಇತ್ತೋ ಇಲ್ಲವೋ...

ಪೋಸ್ಟರು ಇನ್ನೂ ಗೋಡೆಯ ಮೇಲಿದೆ, ಒಂದು ಮೂಲೆ ಎದ್ದಿದೆ. ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾದವು. ಪುಣೆಯ ಸ್ಥಾನಕ್ಕೆ ಆ ವರ್ಷದ ಮೇ ತಿಂಗಳಲ್ಲೇ ಬೇರೊಬ್ಬರನ್ನು ತೆಗೆದುಕೊಂಡಿದ್ದರು.