ಹೊಸದುರ್ಗದಲ್ಲಿ ಕೂತು ಅಧ್ಯಕ್ಷರನ್ನು ಅಳೆದದ್ದು

ನನಗೊಂದು ಚಟವಿದೆ. ಬೀಡಿಯಲ್ಲ, ಇಸ್ಪೀಟಲ್ಲ. ಎಲ್ಲಾದರೂ ಒಂದು ಅಧ್ಯಕ್ಷರ ಕುರ್ಚಿ ಖಾಲಿಯಾಗುತ್ತದೆ ಎಂದು ಕಿವಿಗೆ ಬಿದ್ದರೆ ಸಾಕು, ಅದಕ್ಕೆ ಯಾರು ಯಾರು ನಿಲ್ಲಬಹುದು, ಯಾರ ಯೋಗ್ಯತೆ ಎಷ್ಟು ಎಂದು ತೂಗಿ ನೋಡದೆ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಕುರ್ಚಿ ಯಾವ ದೇಶದ್ದು ಎಂಬುದು ಮುಖ್ಯವಲ್ಲ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಇನ್ನೂ ಎರಡು ವರ್ಷ ಇರುವಾಗಲೇ ನಾನು ಹೊಸದುರ್ಗದ ನನ್ನ ಟೇಲರ್ ಅಂಗಡಿಯಲ್ಲಿ ಕೂತು, ಪೇಪರಿನ ಫೋಟೋ ನೋಡಿ, ಇಂಥವನ ಕೋಟು ಭುಜದಲ್ಲಿ ಜೋತುಬಿದ್ದಿದೆ, ಇವನು ಕಡೆತನಕ ಬರುವ ಕುಳವಲ್ಲ ಎಂದು ತೀರ್ಪು ಕೊಟ್ಟಿದ್ದೆ. ಅವನೇ ಗೆದ್ದ. ಆ ದೇಶದವರಿಗೆ ಹೊಲಿಗೆಯ ಬಗ್ಗೆ ಏನೂ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ಮುತ್ತಜ್ಜನ ಮುತ್ತಜ್ಜ ದುರ್ಗದ ಕೋಟೆಯಲ್ಲಿ ದಂಡಿನವರಿಗೆ ಗುಡಾರ ಹೊಲಿಯುತ್ತಿದ್ದನಂತೆ. ಗುಡಾರ ಹೊಲಿಯುವವನಿಗೆ ಯುದ್ಧ ಯಾವಾಗ ಎಂಬುದು ಸೇನಾಪತಿಗಿಂತ ಮುಂಚೆ ತಿಳಿಯುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಆ ಹೆಮ್ಮೆಯನ್ನು ನಾನೂ ಉಳಿಸಿಕೊಂಡು ಬಂದಿದ್ದೇನೆ. ಊರಿನಲ್ಲಿ ಯಾರಿಗಾದರೂ ನಾಯಕನಾಗುವ ಆಸೆ ಹುಟ್ಟಿದರೆ ಹೆಂಡತಿಗೆ ಹೇಳುವ ಮೊದಲೇ ಟೇಲರ್ ಹತ್ತಿರ ಬರುತ್ತಾನೆ, ಒಂದು ಬಿಳಿ ಜುಬ್ಬಕ್ಕೆ ಅಳತೆ ಕೊಡುತ್ತಾನೆ. ಇದು ನನ್ನ ಸಿದ್ಧಾಂತ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವ ಮೇಷ್ಟ್ರೊಬ್ಬರು ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿಸಲು ಬಂದಾಗ ಇದಕ್ಕೆ ಆಧಾರವನ್ನೂ ಒದಗಿಸಿದರು. ಹಿಂದೆ ರೋಮಿನಲ್ಲಿ ಅಧಿಕಾರಕ್ಕೆ ನಿಲ್ಲುವವರು ಬಟ್ಟೆಗೆ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಓಡಾಡುತ್ತಿದ್ದರಂತೆ, ಕ್ಯಾಂಡಿಡೇಟ್ ಎಂಬ ಮಾತು ಬಂದದ್ದೇ ಆ ಬಿಳುಪಿನಿಂದಂತೆ. ನಮ್ಮ ಅಭ್ಯರ್ಥಿ ಎಂದರೆ ಬರೀ ಬೇಡುವವನು ಎಂದರ್ಥವಂತೆ. ಬಿಳಿ ಬಟ್ಟೆ ಹಾಕಿಕೊಂಡು ಬೇಡುವುದು ಎಂದು ಎರಡನ್ನೂ ಸೇರಿಸಿ ನಾನು ಒಂದು ವಾರ ಬಂದವರಿಗೆಲ್ಲ ಹೇಳಿದೆ. ಮೇಷ್ಟ್ರ ಪ್ಯಾಂಟು ಹಾಗೇ ಉಳಿಯಿತು.

ಹೋದ ವರ್ಷ ನಮ್ಮ ಪೇಟೆಯ ವರ್ತಕರ ಸಂಘಕ್ಕೆ ಹೊಸ ಅಧ್ಯಕ್ಷರು ಬೇಕಾದರು. ಮೊದಲಿದ್ದ ಹಿರಿಯರು ಮಂಡಿನೋವು ಎಂದು ಮಗಳ ಮನೆಗೆ, ಹಿರಿಯೂರಿಗೆ ಹೋದರು. ನನ್ನ ಅಂಗಡಿಯ ಬೆಂಚು ತುಂಬತೊಡಗಿತು. ನಾನೂ ಮನಸ್ಸು ಬಿಚ್ಚಿದೆ. ಬೀಜ ಗೊಬ್ಬರದ ಅಂಗಡಿಯ ಚನ್ನಬಸಪ್ಪ? ಛೆ, ಅದೇ ಬೂದು ಅಂಗಿ, ಹೊಸದು ಹೊಲಿಸಿಲ್ಲ, ಆಸೆಯೇ ಇಲ್ಲದ ಮನುಷ್ಯ. ಹೋಟೆಲಿನ ಮಂಜಣ್ಣ? ಅವನು ನಿಲ್ಲುವುದು ಖಂಡಿತ, ನನ್ನ ಹತ್ತಿರ ಎರಡು ಬಿಳಿ ಜುಬ್ಬ ಹೊಲಿಸಿದ್ದಾನೆ, ಗೆಲ್ಲುತ್ತಾನೆ ಕೂಡ, ಆದರೆ ಸಭೆಯಲ್ಲೂ ಆಕಳಿಸುತ್ತಾನೆ.

ಆಮೇಲೆ ತಿಪ್ಪೇಸ್ವಾಮಿ. ಇವನು ನನ್ನ ಅಂಗಡಿಯಿಂದ ನಾಲ್ಕು ಅಂಗಡಿ ಆಚೆ ತೆಂಗಿನ ನಾರಿನ ಹಗ್ಗ ಮಾರುವವನು. ಮೂರನೇ ಕ್ಲಾಸಿನಿಂದ ನನ್ನ ಗೆಳೆಯ. ದಿನಾ ನಾಲ್ಕು ಗಂಟೆಗೆ ಅವನೋ ನಾನೋ ಎದ್ದು ಹೋಗಿ ಒಟ್ಟಿಗೆ ಚಾ ಕುಡಿಯುವುದು ನಲವತ್ತು ವರ್ಷದ ಅಭ್ಯಾಸ. ಆ ವಾರ ಅವನು ಮಧ್ಯಾಹ್ನ ಅಂಗಡಿ ಮುಚ್ಚಿ ಒಂದೊಂದೇ ಅಂಗಡಿ ಹತ್ತಿ ಇಳಿಯುತ್ತಿದ್ದ. ಯಾಕೆಂದು ಕೇಳಿದರೆ, "ಆಮೇಲೆ ಹೇಳ್ತೀನಿ ಬಿಡು" ಎಂದ. ನನಗೆ ಅರ್ಥವಾಯಿತು, ಇವನಿಗೂ ಕುರ್ಚಿಯ ಆಸೆ. ಅಂದರೆ, ಅರ್ಥವಾಯಿತು ಎಂದುಕೊಂಡೆ.

ಬುಧವಾರ ಮಧ್ಯಾಹ್ನ ಬೆಂಚಿನ ಮೇಲೆ ನಾಲ್ವರಿದ್ದರು, ಪ್ಯಾಂಟು ಕೇಳಲು ಬಂದಿದ್ದ ಮೇಷ್ಟ್ರೂ ಸೇರಿ. ಒಬ್ಬರು ಕೇಳಿದರು, "ಸಾಬ್ರೇ, ತಿಪ್ಪೇಸ್ವಾಮಿನೂ ನಿಲ್ತಾನಂತೆ, ಹೌದೇನ್ರಿ?"

ನಾನು ಕತ್ತರಿ ಕೆಳಗಿಟ್ಟೆ. ಕತ್ತರಿ ಕೆಳಗಿಟ್ಟೆನೆಂದರೆ ಭಾಷಣ ಶುರು ಎಂದು ಬೆಂಚಿಗೆ ಗೊತ್ತು.

"ಅವನೇನ್ ನಿಲ್ತಾನ್ರಿ. ಮೈಕ್ ಕಂಡ್ರೆ ಅವನ ಕಾಲು ನಡುಗ್ತಾವೆ. ಮಗಳ ಮದುವೇಲಿ ನಾಲ್ಕು ಮಾತಾಡಪ್ಪ ಅಂದಿದ್ದಕ್ಕೆ ಅಡಿಗೆ ಮನೆಗೆ ಹೋಗಿ ಕುಂತಿದ್ದ. ಅಧ್ಯಕ್ಷರ ಕುರ್ಚಿ ಕೊಟ್ರೆ ಅದನ್ನೂ ಅಂಗಡಿ ಮುಂದೆ ಇಟ್ಟು ಹಗ್ಗ ಸುತ್ತುತಾನೆ."

ಬೆಂಚು ನಕ್ಕಿತು. ಆದರೆ ಮೇಷ್ಟ್ರು ನಗಲಿಲ್ಲ, ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಮೆಟ್ಟಿಲ ಮೇಲೆ ತಿಪ್ಪೇಸ್ವಾಮಿ ನಿಂತಿದ್ದ, ಕೈಯಲ್ಲಿ ಮಡಚಿದ ಒಂದು ಕಾಗದ.

"ಬಾ ಒಳಗೆ" ಎಂದೆ.

"ಒಂದು ಕೆಲಸ ಇತ್ತು. ಇರ್ಲಿ" ಎಂದು ಇಳಿದು ಹೋದ.

ಆ ದಿನ ಚಾಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನೇ ಹೋಗಬಹುದಿತ್ತು. ಹೋಗಲಿಲ್ಲ. ತಮಾಷೆಗೆ ಅಂದದ್ದನ್ನು ಇಷ್ಟು ದೊಡ್ಡದು ಮಾಡುವವನು ಅಧ್ಯಕ್ಷನಾಗಿ ಏನು ಮಾಡಿಯಾನು ಎಂದು ನನ್ನೊಳಗೇ ಇನ್ನೊಂದು ಅಂಕ ಕಳೆದೆ. ಅಳೆಯುವ ಚಟ ನೋಡಿ, ತಪ್ಪು ಮಾಡಿದ ಮೇಲೂ ಟೇಪು ಕೊರಳಲ್ಲೇ ಇರುತ್ತದೆ.

ಶನಿವಾರ ನಾಮಪತ್ರದ ಕೊನೆಯ ದಿನ. ಸಂಜೆ ಸುದ್ದಿ ಬಂತು. ಸಲ್ಲಿಕೆಯಾದದ್ದು ಒಂದೇ ಅರ್ಜಿ, ಚನ್ನಬಸಪ್ಪನವರದು. ಅದೇ ಬೂದು ಅಂಗಿಯಲ್ಲಿ ಹೋಗಿ ಕೊಟ್ಟು ಬಂದಿದ್ದರು. ಅವಿರೋಧ ಆಯ್ಕೆ. ಹೋಟೆಲಿನ ಮಂಜಣ್ಣನನ್ನು ಹಿಡಿದು ಕೇಳಿದೆ, ಹಾಗಾದರೆ ಎರಡು ಬಿಳಿ ಜುಬ್ಬ ಯಾಕಪ್ಪ ಎಂದು. "ಹೊಳಲ್ಕೆರೇಲಿ ನಮ್ಮ ಭಾಮೈದುನನ ನಿಶ್ಚಿತಾರ್ಥ ಇತ್ತಲ್ರಿ" ಎಂದು ಆಕಳಿಸಿದ. ಗುಡಾರ ಹೊಲಿಯುತ್ತಿದ್ದ ಹಿರಿಯರ ವಿದ್ಯೆ ನನ್ನ ತಲೆಮಾರಿಗೆ ಬರುವಷ್ಟರಲ್ಲಿ ಇಷ್ಟಕ್ಕೆ ಇಳಿದಿತ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ತಿಪ್ಪೇಸ್ವಾಮಿ ಅರ್ಜಿಯನ್ನೇ ಹಾಕಿರಲಿಲ್ಲ. ಹಾಗಾದರೆ ಆ ಕಾಗದ? ಅಷ್ಟು ದಿನ ಅಂಗಡಿ ಅಂಗಡಿ ಅಲೆದದ್ದು? ಮನೆಯಲ್ಲಿ ಇದನ್ನೇ ಮೂರು ಸಲ ಹೇಳಿದೆ. ನನ್ನ ಹೆಂಡತಿ ಮೆಹರು ನಾಲ್ಕನೆಯ ಸಲಕ್ಕೆ ಬಿಡಲಿಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ಅವಳಂದದ್ದನ್ನು ಪೇಟೆಯ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಹೋಗಿ ಕೇಳ್ರಿ. ನಾಲ್ಕು ಅಂಗಡಿ ದೂರ ಐತೆ, ಅಮೆರಿಕ ಅಲ್ಲ."

ಸೋಮವಾರ ಮಧ್ಯಾಹ್ನ ಹೋದೆ. ಆ ನಾಲ್ಕು ಅಂಗಡಿ ದಾಟುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಮುಂದೆ ತಿಳಿದಂತೆ, ನಿಜಕ್ಕೂ ನೋಡುತ್ತಿದ್ದರು.

ತಿಪ್ಪೇಸ್ವಾಮಿ ನೆಲದ ಮೇಲೆ ಕೂತು ಹಗ್ಗ ಸುತ್ತುತ್ತಿದ್ದ. ತಲೆಯೆತ್ತಿ, "ಬಾ, ಕುಂತ್ಕ" ಎಂದ. ಕೋಪದ ದನಿಯಲ್ಲ. ಕೋಪವಿದ್ದಿದ್ದರೆ ಸುಲಭವಾಗುತ್ತಿತ್ತು.

"ಅವತ್ತು ಏನೋ ಮಾತಿಗೆ ಅಂದೆ ಕಣೋ" ಎಂದೆ. "ಆ ಕಾಗದ ಏನದು?"

ಅವನು ಗಲ್ಲಾಪೆಟ್ಟಿಗೆಯ ಅಡಿಯಿಂದ ಅದನ್ನು ತೆಗೆದುಕೊಟ್ಟ. ಸಂಘದ ನಾಮಪತ್ರ. ಸೂಚಕರು ಎಂಬಲ್ಲಿ ಅವನ ಸಹಿ. ಕೆಳಗೆ ಹನ್ನೊಂದು ಅಂಗಡಿಯವರ ಸಹಿ, ನಾನು ಈಗಷ್ಟೇ ದಾಟಿ ಬಂದ ಅಂಗಡಿಗಳದೂ ಸೇರಿ. ಅಭ್ಯರ್ಥಿ ಎಂಬಲ್ಲಿ ಅವನ ಗುಂಡು ಅಕ್ಷರದಲ್ಲಿ ನನ್ನ ಹೆಸರು, ದಸ್ತಗೀರ್, ಟೇಲರ್. ನನ್ನ ಸಹಿಗೆ ಬಿಟ್ಟ ಜಾಗ ಖಾಲಿಯಿತ್ತು.

"ಕೊಡಬೇಕಾಗಿತ್ತಲ್ಲೋ" ಎಂದೆ.

"ಕೊಡಾಣ ಅಂತಲೇ ಬಂದಿದ್ದೆ." ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. "ಪೇಟೆ ಜನ ಎಲ್ಲ ನಿನ್ನ ಹತ್ರನೇ ಬಂದು ಕುಂತ್ಕಂತಾರೆ. ನೀನೇ ಸರಿ ಅನ್ನಿಸ್ತು. ಅವರೂ ಒಪ್ಪಿದ್ರು."

"ಮತ್ತೆ ನಾನಂದಿದ್ದಕ್ಕೆ ಬೇಜಾರಾಯ್ತಾ?"

"ನೀನಂದಿದ್ದು ಸುಳ್ಳೇನಲ್ಲ. ಮೈಕ್ ಅಂದ್ರೆ ನನಗೆ ಭಯ ಐತೆ. ಮಗಳ ಮದುವೇಲಿ ಅಡಿಗೆ ಮನೇಲಿ ಕುಂತು ಅತ್ತಿದ್ದೆ. ಅದನ್ನ ನಿನಗೊಬ್ಬನಿಗೇ ಹೇಳಿದ್ದು." ಸುರುಳಿಯನ್ನು ಒಮ್ಮೆ ಎಳೆದು ಬಿಗಿ ಮಾಡಿ ಹೇಳಿದ, "ಅಧ್ಯಕ್ಷ ಆದೋನ ಹತ್ರ ಜನ ತಮ್ಮ ಮನೆ ಮಾತು ಹೇಳ್ಕಂತಾರೆ. ನೀನು ನನ್ನದನ್ನೇ ಹೊಟ್ಟೇಲಿ ಇಟ್ಕಳ್ಳಿಲ್ಲ. ಇನ್ನ ಅವರದ್ದೇನು ಇಟ್ಕಂತೀಯ ಅನ್ನಿಸ್ತು. ಅದಕ್ಕೆ ವಾಪಸ್ ಬಂದೆ."

ಇಷ್ಟು ವರ್ಷ ಜಗತ್ತಿನ ಅಧ್ಯಕ್ಷರನ್ನೆಲ್ಲ ಭುಜ, ಎದೆ, ತೋಳು ಎಂದು ಅಳೆದಿದ್ದೆನಲ್ಲ, ಈ ಒಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಸಮಜಾಯಿಷಿ ಹುಡುಕಿದೆ. ನಾಲಿಗೆಗೆ ಬಂದ ಪ್ರತಿ ಮಾತಿನಲ್ಲೂ ಒಂದು ಜೋಕು ಇತ್ತು. ಹಾಗಾಗಿ, ಅಪರೂಪಕ್ಕೆ, ಅವನ್ನೆಲ್ಲ ನುಂಗಿಕೊಂಡೆ. "ತಪ್ಪಾಯ್ತು ಕಣೋ" ಎಂದಷ್ಟೇ ಅಂದು, ನೆಲಕ್ಕೆ ಇಳಿದು ಕೂತು, ಸಿಕ್ಕಾಗಿದ್ದ ಹಗ್ಗದ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಮೂರು ಸುರುಳಿ ಮಾಡಿದೆವು. ನಾರು ಚುಚ್ಚಿ ನನ್ನ ಬೆರಳು ಉರಿಯಿತು. ನಾಲ್ಕು ಗಂಟೆಗೆ ತಿಪ್ಪೇಸ್ವಾಮಿ ಮಂಜಣ್ಣನ ಹೋಟೆಲಿನ ಕಡೆ ಎರಡು ಬೆರಳು ತೋರಿಸಿದ. ಎರಡು ಚಾ ಬಂತು.

ಚನ್ನಬಸಪ್ಪ ಅಧ್ಯಕ್ಷರಾದ ಎರಡು ತಿಂಗಳಿಗೆ, ಸಂತೆಗೆ ಸೊಪ್ಪು ಮಾರಲು ಬರುವ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿಸಿದರು. ಅದರ ಬಗ್ಗೆ ಭಾಷಣವನ್ನೂ ಮಾಡಲಿಲ್ಲ. ನಾನು ಅಧ್ಯಕ್ಷನಾಗಿದ್ದರೆ ಮೊದಲು ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡೆ. ಹೊಳೆದದ್ದು ಒಂದು ಸ್ವಾಗತ ಕಮಾನು.

ಈಗ ಮತ್ತೆ ಚುನಾವಣೆಗಳ ಕಾಲ. ಹಾಲಿನ ಡೇರಿಯಿಂದ ಹಿಡಿದು ಹೊರದೇಶದವರೆಗೆ ಕುರ್ಚಿಗಳು ಖಾಲಿಯಾಗುತ್ತಲೇ ಇವೆ. ಬೆಂಚಿನವರು ಬರುತ್ತಾರೆ, ಕೇಳುತ್ತಾರೆ. ಹೆಸರು ಬಂದವರ ಬಗ್ಗೆ ಗೊತ್ತಿರುವ ಒಂದು ಒಳ್ಳೆಯ ಮಾತನ್ನು ಮಾತ್ರ ಹೇಳಬೇಕು ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಹೇಳುತ್ತೇನೆ. ಅವರು ಹೂಂ ಎನ್ನುತ್ತಾರೆ, ಗಡಿಯಾರ ನೋಡುತ್ತಾರೆ, ಎಲ್ಲೋ ಕೆಲಸ ನೆನಪಾಗಿ ಎದ್ದು ಹೋಗುತ್ತಾರೆ. ಒಳ್ಳೆಯ ಮಾತು ಕೇಳಲು ಐದು ನಿಮಿಷಕ್ಕಿಂತ ಹೆಚ್ಚು ಕೂತವರನ್ನು ನಾನು ಇನ್ನೂ ಕಂಡಿಲ್ಲ. ಇದರಿಂದ ದೇಶಕ್ಕೆ ಏನು ಲಾಭವೋ ತಿಳಿಯದು. ನಮ್ಮ ಅಂಗಡಿಯಲ್ಲಂತೂ ಈಗ ಬಟ್ಟೆಗಳು ಹೇಳಿದ ದಿನಕ್ಕೇ ಸಿಗುತ್ತಿವೆ.